ದೀಪದ ಮೀನಿನ ಮನೆತನ

ಅಬಿತಿ ತ್ವಾಯಿಬುವಿಗೆ ಜಂಬ ಜಾಸ್ತಿ ಎಂದು ಚಿವಾಲೊ ಊರಿನಲ್ಲಿ ಯಾರಾದರೂ ಅಂದರೆ ಅವಳಿಗೆ ಸಿಟ್ಟು ಬರುತ್ತಿರಲಿಲ್ಲ. "ಇದ್ರೆ ಇರ್ಲಿ ಬಿಡೇ. ಜಂಬ ಪಡೋಕೂ ಮನೇಲಿ ಏನಾದ್ರೂ ಇರ್ಬೇಕಲ್ಲ" ಎಂದು ಸೊಂಟದ ಚಿತೆಂಜೆ ಬಟ್ಟೆಯನ್ನು ಇನ್ನೊಂದು ಸುತ್ತು ಬಿಗಿದುಕೊಂಡು ಹಿತ್ತಲಿಗೆ ಹೋಗುತ್ತಿದ್ದಳು. ಅವಳ ಹತ್ತಿರ ಇದ್ದದ್ದು ಹಿತ್ತಲಿನ ಸಿಮೆಂಟು ತೊಟ್ಟಿಗಳಲ್ಲಿ ಈಜಾಡುತ್ತಿತ್ತು.

ಅವು ದೀಪದ ಮೀನುಗಳು. ಅಂಗೈಯಲ್ಲಿ ಹಿಡಿಸುವಷ್ಟು ಗಾತ್ರ. ಗಂಡಿನ ಮೈ ಕಡುನೀಲಿ, ಅದರ ಮೇಲೆ ಕಪ್ಪು ಪಟ್ಟೆ, ಬೆನ್ನ ಮೇಲಿನ ರೆಕ್ಕೆ ಮಾತ್ರ ಆಗತಾನೆ ಹೊತ್ತಿಸಿದ ಬತ್ತಿಯ ಬಣ್ಣ. ಇಷ್ಟು ದೊಡ್ಡ ಮಲಾವಿ ಸರೋವರದಲ್ಲಿ ಅವು ಇದ್ದದ್ದು ಒಂದೇ ಕಡೆ, ಚಿವಾಲೊ ಊರಿನ ಎದುರಿಗೆ ನೀರಿನಿಂದ ತಲೆಯೆತ್ತಿ ನಿಂತ ಅಜ್ಜಿ ಬಂಡೆಯ ಸುತ್ತ. ಬಂಡೆಯ ಮೀನು ಬಂಡೆ ಬಿಟ್ಟು ತಿರುಗುವುದಿಲ್ಲ. ಎದುರಿಗೆ ಬರಿ ಮರಳು ಕಂಡರೆ ಸಾಕು, ಅಲ್ಲಿಂದಾಚೆ ಪರದೇಶ ಎಂದು ಹಿಂದಿರುಗಿಬಿಡುತ್ತದೆ. ಹಾಗಾಗಿ ದೀಪದ ಮೀನು ನಮ್ಮದೇ, ಬೇರೆ ಯಾರದ್ದೂ ಅಲ್ಲ ಎಂದು ಚಿವಾಲೊದವರು ಹೇಳಿಕೊಳ್ಳುತ್ತಿದ್ದರು. ಹೇಳಿಕೊಳ್ಳಲು ಅವರಿಗೆ ಹಕ್ಕೂ ಇತ್ತು.

ಆ ಹಕ್ಕಿಗೆ ಕಲ್ಲು ಹಾಕಿದವನು ಒಬ್ಬ ವ್ಯಾಪಾರಿ. ಗಾಜಿನ ಪೆಟ್ಟಿಗೆಯಲ್ಲಿ ಮೀನು ಸಾಕುವ ದೂರದ ದೇಶಗಳಿಗೆ ಇಲ್ಲಿನ ಮೀನು ಕಳಿಸುತ್ತಿದ್ದ. ಅಬಿತಿಯ ಗಂಡ ಇದ್ರಿಸಾ ಅವನಿಗಾಗಿ ನೀರಿನಲ್ಲಿ ಮುಳುಗಿ ಮೀನು ಹಿಡಿದುಕೊಡುತ್ತಿದ್ದ. ವ್ಯಾಪಾರ ಕೈಹತ್ತದೆ ಗಂಟುಮೂಟೆ ಕಟ್ಟುವಾಗ ಆ ಪುಣ್ಯಾತ್ಮ, ಆಚೆ ದ್ವೀಪದಿಂದ ತಂದು ಮಾರಾಟವಾಗದೆ ಉಳಿದಿದ್ದ ಬೂದಿ ಮೀನುಗಳನ್ನೆಲ್ಲ ಅಜ್ಜಿ ಬಂಡೆಯ ಬುಡಕ್ಕೆ ಸುರಿದು ಹೋದ. ಮೀನಿಗೆ ಮೀನು ಸೇರಿತು, ಯಾರಿಗೆ ಗೊತ್ತಾಗುತ್ತದೆ ಎಂದನಂತೆ. ಬೂದಿ ಮೀನಿಗೂ ದೀಪದ ಮೀನಿಗೂ ತೀರ ಹತ್ತಿರದ ಸಂಬಂಧ. ಕೂಡಿದರೆ ಮರಿಯಾಗುತ್ತದೆ, ಆ ಮರಿಗೂ ಮರಿಯಾಗುತ್ತದೆ. ನೋಡನೋಡುತ್ತಿದ್ದಂತೆ ಬಂಡೆಯ ಸುತ್ತ ಹುಟ್ಟಿದ ಮೊಮ್ಮಕ್ಕಳ ರೆಕ್ಕೆ ಮಸಿ ಹಿಡಿದ ಲಾಂದ್ರದ ಗಾಜಿನ ಬಣ್ಣಕ್ಕೆ ತಿರುಗಿತು. ಆಮೇಲೆ ಅಜ್ಜಿ ಬಂಡೆಯಲ್ಲಿ ದೀಪ ಕಾಣಲಿಲ್ಲ.

ಕಂಡದ್ದು ಅಬಿತಿಯ ಹಿತ್ತಲಿನಲ್ಲಿ ಮಾತ್ರ. ವ್ಯಾಪಾರಿ ಸುರಿದು ಹೋಗುವ ಮೊದಲೇ ಇದ್ರಿಸಾ ಒಂದಿಷ್ಟು ಅಸಲಿ ದೀಪದ ಮೀನುಗಳನ್ನು ತಂದು ತೊಟ್ಟಿಗೆ ಬಿಟ್ಟಿದ್ದ. ಅವನು ತೀರಿಕೊಂಡ ಮೇಲೆ ಅಬಿತಿ ಅವನ್ನು ಕಣ್ಣಲ್ಲಿ ಕಣ್ಣಿಟ್ಟು ಕಾದಳು. ಎಡಸಾಲಿನ ತೊಟ್ಟಿಗಳು ದೀಪದ ಮೀನಿಗೆ, ಬಲಸಾಲಿನವು ಬೂದಿ ಮೀನಿಗೆ. ಬೂದಿ ಮೀನನ್ನು ನಗರದ ಅಂಗಡಿಯವರು ಕೊಳ್ಳುತ್ತಿದ್ದರು, ಮನೆ ನಡೆಯುತ್ತಿದ್ದದ್ದು ಅದರಿಂದ. ಎರಡು ಸಾಲಿನ ನಡುವೆ ಮೀನು ನೆಗೆದರೂ ದಾಟಲಾಗದಷ್ಟು ಅಗಲದ ದಾರಿ. ಎಡಸಾಲಿನ ಬಲೆ ಬಲಸಾಲಿಗೆ ಹೋಗುವಂತಿಲ್ಲ, ಬಲಸಾಲಿನ ಬಕೆಟ್ಟು ಎಡಸಾಲಿಗೆ ಬರುವಂತಿಲ್ಲ. ಗಂಡುಗಳನ್ನು ಯಾರು ಬೇಕಾದರೂ ಗುರುತಿಸಿಯಾರು. ಹೆಣ್ಣುಗಳ ವಿಷಯ ಹಾಗಲ್ಲ. ಎರಡೂ ಕಡೆಯ ಹೆಣ್ಣುಗಳನ್ನು ದೇವರು ಒಂದೇ ತಾನಿನ ಕಂದು ಬಟ್ಟೆಯಲ್ಲಿ ಹೊಲಿದುಬಿಟ್ಟಿದ್ದಾನೆ. ಒಮ್ಮೆ ಬೆರೆತರೆ ಬಣ್ಣ ನೋಡಿ ಬೇರೆ ಮಾಡುವುದು ಅಬಿತಿಯ ಕಣ್ಣಿಗೂ ಆಗದ ಮಾತು.

ಈ ವರ್ಷ ಊರವರೆಲ್ಲ ಸೇರಿ ಒಂದು ಕೆಲಸ ಮಾಡಿದ್ದರು. ತೆಂಕಣದಿಂದ ಬೀಸುವ ಮ್ವೆರಾ ಗಾಳಿ ನಿಂತು ಸರೋವರ ತಣ್ಣಗಾದ ಮೇಲೆ ಗಂಡಸರು ದೋಣಿಗಳಲ್ಲಿ ಕಲ್ಲು ಹೇರಿಕೊಂಡು ಹೋಗಿ ಊರಿನ ಉತ್ತರದ ಮರಳು ಕೊಲ್ಲಿಯಲ್ಲಿ ಮುಳುಗಿಸಿದರು. ಹೆಂಗಸರು ಗುಡ್ಡದಿಂದ ದಡದವರೆಗೆ ಸಾಲಾಗಿ ನಿಂತು ಕೈಯಿಂದ ಕೈಗೆ ಕಲ್ಲು ದಾಟಿಸಿದರು. ನೀರಿನಡಿ ಒಂದು ಹೊಸ ಬಂಡೆ ಎದ್ದಿತು. ಸುತ್ತ ಎಲ್ಲ ಕಡೆ ಮರಳು, ಹಾಗಾಗಿ ಅಜ್ಜಿ ಬಂಡೆಯ ಬೆರಕೆ ಮೀನು ಅಲ್ಲಿಗೆ ಬರಲಾರದು. ಅಲ್ಲಿಗೆ ಅಬಿತಿಯ ದೀಪದ ಮೀನುಗಳನ್ನು ಬಿಡುವುದು, ಆಮೇಲೆ ಆ ಕೊಲ್ಲಿಯಲ್ಲಿ ಯಾರೂ ಬಲೆ ಹಾಕದಿರುವುದು ಎಂದು ಮಾತಾಗಿತ್ತು.

ಬಾಯಿ ತುಂಬಿದ ಹೆಣ್ಣುಗಳನ್ನೇ ಬಿಡಬೇಕೆಂದು ಅಬಿತಿಯ ಆಸೆ. ಈ ಮೀನು ಮೊಟ್ಟೆಯನ್ನು ಬಾಯಲ್ಲೇ ಇಟ್ಟುಕೊಂಡು ಮರಿ ಮಾಡುತ್ತದೆ, ಮರಿ ಹೊರಗೆ ಬರುವವರೆಗೂ ಒಂದು ತುತ್ತು ಮುಟ್ಟುವುದಿಲ್ಲ. ಅಂಥ ತಾಯಂದಿರನ್ನು ಬಿಟ್ಟರೆ ಹೊಸ ಬಂಡೆಯಲ್ಲಿ ಹೋದ ಕೂಡಲೇ ಮಕ್ಕಳುಮರಿ ಓಡಾಡುತ್ತವೆ. ಒಂದೇ ಭಯ. ತೊಟ್ಟಿಯಲ್ಲಿ ತಪ್ಪಾದರೆ ತಿದ್ದಬಹುದು, ಸರೋವರಕ್ಕೆ ಸುರಿದದ್ದನ್ನು ಮತ್ತೆ ಎತ್ತಿಕೊಳ್ಳಲಾಗದು. ಒಂದೇ ಒಂದು ಬೂದಿ ಹೆಣ್ಣು ಜೊತೆಗೆ ಹೋದರೂ ಅಜ್ಜಿ ಬಂಡೆಗೆ ಆದ ಗತಿಯೇ ಹೊಸ ಬಂಡೆಗೂ.

"ಅಳಿಯನ್ನ ಮಾತ್ರ ಗುಡ್ಡದಾಚೆಯಿಂದ ತಂದ್ಕೊಂಡೆ, ಮೀನಿಗೆ ಯಾಕೆ ಇಷ್ಟು ಮಡಿ?" ಎಂದು ಅವಳ ಅಣ್ಣ ಚೆ ಬ್ವನಾಲಿ ಕೆಣಕುತ್ತಿದ್ದ. ತಂಗಿಯರ ಮನೆಗಳಿಗೆಲ್ಲ ಅವನೇ ಯಜಮಾನ. ಬಾಯಲ್ಲಿ ಸದಾ ಒಂದು ಮಂದಾಸಿ, ಎಣ್ಣೆಯಲ್ಲಿ ಕರಿದ ಹಿಟ್ಟಿನ ಉಂಡೆ, ಆಡುತ್ತಿರಬೇಕು ಅವನಿಗೆ.

"ಮನುಷ್ಯ ಯಾವ ಊರೋಳನ್ನ ಕಟ್ಕೊಂಡ್ರೂ ಮನುಷ್ಯನೇ ಹುಟ್ತಾನೆ ಕಣಣ್ಣ. ದೀಪದ ಮೀನು ಕೆಟ್ರೆ ದೀಪದ ಮೀನೇ ಇರಲ್ಲ. ಬಾಯಲ್ಲಿರೋದು ನುಂಗಿ ಮಾತಾಡು ಮೊದ್ಲು."

ಆ ಅಳಿಯನ ಹೆಸರು ಜಫಾಲಿ. ಚಹಾ ತೋಟದ ಗುಡ್ಡಗಳ ಕಡೆಯವನು, ಲೋಮ್ವೆ ಜನ, ಮೀನನ್ನು ಸಾರಿನಲ್ಲಿ ಬಿಟ್ಟು ಬೇರೆಲ್ಲೂ ಕಂಡವನಲ್ಲ. ಪದ್ಧತಿಯಂತೆ ಮದುವೆಯಾದ ಮೇಲೆ ಚಾಪೆ ಸುತ್ತಿಕೊಂಡು ಹೆಂಡತಿ ಅಸಿಯಾತುವಿನ ಮನೆಗೆ ಬಂದಿದ್ದ. ಹಾಗೆ ಬಂದ ಅಳಿಯ ಅತ್ತೆಯ ಮುಖ ನೋಡಿ ಮಾತಾಡುವಂತಿಲ್ಲ, ಅತ್ತೆಯೂ ಅಷ್ಟೆ. ಅದು ಮುನಿಸಲ್ಲ, ಮರ್ಯಾದೆ. ಎಂದೋ ಒಂದು ದಿನ ಅಳಿಯ ಕೋಳಿ ತಂದೊಪ್ಪಿಸಿ, ಹಿರಿಯರು ಆಗಲಿ ಅಂದ ಮೇಲೆ ಬಾಯಿ ಬಿಚ್ಚಬಹುದು. ಜಫಾಲಿಯ ಕೋಳಿ ಇನ್ನೂ ಬಂದಿರಲಿಲ್ಲ. ಅಲ್ಲಿಯವರೆಗೆ ಮಾತೆಲ್ಲ ಅಸಿಯಾತುವಿನ ಮೂಲಕ, ಅವಳು ಇಲ್ಲದಾಗ ಹಿತ್ತಲಿನ ಕಿವಿಹರುಕ ಮೇಕೆಯ ಮೂಲಕ.

"ಏ ಮೇಕೆ, ಸೌದೆ ಮುಗಿದಿರೋದು ಕೆಲವರ ಕಣ್ಣಿಗೆ ಬೀಳಲ್ವೇನೋ" ಎಂದು ಅಬಿತಿ ಒಲೆಯ ಮುಂದಿನಿಂದ ಗಟ್ಟಿಯಾಗಿ ಹೇಳುವಳು.

"ಮೇಕೆ, ಕೊಡಲಿ ಎಲ್ಲಿಟ್ಟಿದಾರೆ ಅಂತ ಗೊತ್ತಾದ್ರೆ ನಾನು ಈಗ್ಲೇ ಹೊರಡ್ತಿದ್ದೆ ಅಂತ ಹೇಳು" ಎಂದು ಜಫಾಲಿ ಜೊಂಡಿನ ಬೇಲಿಯಾಚೆಯಿಂದ ಉತ್ತರಿಸುವನು.

ಮೇಕೆ ಎರಡೂ ಕಡೆಯ ಮಾತು ಕೇಳಿಸಿಕೊಂಡು ತನ್ನ ಪಾಡಿಗೆ ಸೊಪ್ಪು ಅಗಿಯುತ್ತಿತ್ತು.

ಮೀನು ಬಿಡುವ ದಿನ ಹತ್ತಿರವಾಗುತ್ತಿದ್ದಾಗಲೇ ಅಸಿಯಾತುವಿಗೆ ದಿನ ತುಂಬುವ ಮೊದಲೇ ನೋವು ಕಾಣಿಸಿಕೊಂಡಿತು. ಅಬಿತಿ ಅವಳನ್ನು ಕರೆದುಕೊಂಡು ಪಟ್ಟಣದ ಆಸ್ಪತ್ರೆಗೆ ಹೊರಟಳು. ಹೊರಡುವ ಗಡಿಬಿಡಿಯಲ್ಲಿ ಅಣ್ಣನನ್ನು ಹಿಡಿದು ನಿಲ್ಲಿಸಿ, ಅಳಿಯನಿಗೆ ಹೇಳಬೇಕಾದದ್ದನ್ನೆಲ್ಲ ಹೇಳಿದಳು. ಒಣಮೀನಿನ ಪುಡಿಯನ್ನು ತೌಡಿನಲ್ಲಿ ಬೆರೆಸಿ ಹಾಕಬೇಕು, ನೀರು ಬದಲಾಯಿಸಬೇಕು. ಎಲ್ಲಕ್ಕಿಂತ ಮುಖ್ಯ, ಆ ಸಾಲು ಈ ಸಾಲಿಗೆ ಸೋಕಬಾರದು, ಜೀವ ಹೋದರೂ ಸೋಕಬಾರದು.

ಚೆ ಬ್ವನಾಲಿ ಜಫಾಲಿಯ ಹತ್ತಿರ ಹೋಗಿ ತೌಡಿನ ವಿಷಯ ಹೇಳಿದ, ನೀರಿನ ವಿಷಯ ಹೇಳಿದ. ಉಳಿದದ್ದು ತಂಗಿಯ ಹಳೇ ಕೊರೆತ, ಊರಿಗೆಲ್ಲ ಗೊತ್ತಿರುವುದು, ಹೇಳುವುದೇನಿದೆ ಎಂದು ಬಿಟ್ಟುಬಿಟ್ಟ.

ಅಬಿತಿ ವಾಪಸು ಬಂದದ್ದು ಎರಡು ವಾರ ಕಳೆದ ಮೇಲೆ, ಮೊಮ್ಮಗಳನ್ನು ಎತ್ತಿಕೊಂಡು. ಹೆಣ್ಣು ಮಗು, ಮನೆತನ ಬೆಳೆಸುವ ಮಗು ಎಂದು ಓಣಿಯ ಹೆಂಗಸರು ಕೇಕೆ ಹಾಕಿ ಎದುರುಗೊಂಡರು. ಮಗುವನ್ನು ಅವರ ಕೈಗೆ ಕೊಟ್ಟವಳೇ ಅಬಿತಿ ಹಿತ್ತಲಿಗೆ ಓಡಿದಳು. ಎಡಸಾಲಿನ ದೊಡ್ಡ ತೊಟ್ಟಿಗೆ ಬಗ್ಗಿ ನೋಡಿದರೆ ಅವಳ ಕಣ್ಣನ್ನು ಅವಳೇ ನಂಬಲಿಲ್ಲ. ಹೊಸ ಬಂಡೆಗೆಂದು ಕೂಡಿಹಾಕಿದ್ದ ಹೆಣ್ಣುಗಳಲ್ಲಿ ಬಾಯಿ ತುಂಬಿದವು ಹೋಗುವಾಗ ಕೆಲವೇ ಇದ್ದವು. ಈಗ ಎಲ್ಲಿ ನೋಡಿದರೂ ಉಬ್ಬಿದ ಗಂಟಲು.

ಅವಳು ಉಬ್ಬಿ ಹೋದಳು. ಆ ದಿನವೆಲ್ಲ ಮಗು ನೋಡಲು ಬಂದವರಿಗೆ ಮಗುವನ್ನು ಒಂದು ಕ್ಷಣ ತೋರಿಸಿ ತೊಟ್ಟಿಯನ್ನು ಮನದಣಿಯೆ ತೋರಿಸಿದಳು. "ನೋಡ್ರೇ, ನಾನಿಲ್ದಿದ್ರೂ ನನ್ನ ಮೀನಿಗೆ ಬುದ್ಧಿ ಇದೆ. ಊರಿಗೆ ಹೋಗೋ ದಿನ ಬಂತು ಅಂತ ಅವಕ್ಕೂ ಗೊತ್ತಾಗಿದೆ."

ಬೇಲಿಯಾಚೆ ಕೂತಿದ್ದ ಜಫಾಲಿಗೂ ಹೆಮ್ಮೆ ತಡೆಯಲಾಗಲಿಲ್ಲ. ಅದರಲ್ಲಿ ತನ್ನ ಪಾಲೂ ಇದೆಯಲ್ಲ. ಬಂದವರೆಲ್ಲ ಹೋದ ಮೇಲೆ ಮೇಕೆಯ ಹಗ್ಗ ಬಿಚ್ಚುತ್ತ, ಅತ್ತೆಗೆ ಕೇಳುವಷ್ಟು ಗಟ್ಟಿಯಾಗಿ ಶುರುಮಾಡಿದ. "ಮೇಕೆ, ಮೀನಿಗೇನೋ ಬುದ್ಧಿ ಇದೆ. ಆದ್ರೆ ಸ್ವಲ್ಪ ನಂದೂ ಇದೆ ಅಂತ ಹೇಳ್ಬೇಕಪ್ಪ. ಈ ಸಾಲಿನ ಕೊನೇಲಿ ಒಂದು ಗಂಡು ಒಂಟಿಯಾಗಿ ಕೂತಿತ್ತು. ಆ ಸಾಲಿನ ಕೊನೇಲಿ ಒಂದು ತೊಟ್ಟಿ ತುಂಬ ಹೆಣ್ಣು, ಗಂಡೇ ಇಲ್ಲ. ನೋಡಿ ಕರುಳು ಚುರುಕ್ ಅಂತು. ಹೆಣ್ಣಿನ ಮನೆಗೆ ತಾನೇ ಗಂಡು ಹೋಗ್ಬೇಕಾದ್ದು? ನಾನು ಬಂದಿಲ್ವಾ ಚಾಪೆ ಸುತ್ಕೊಂಡು? ಎತ್ಕೊಂಡು ಹೋಗಿ ಬಿಟ್ಟೆ. ಏನ್ ಕುಣೀತು ಅಂತೀಯ! ಹೆಣ್ಣುಗಳ ಬಾಯಿ ತುಂಬ್ತಾ ಬಂದ ಹಾಗೆ ಒಂದೊಂದೇ ತಂದು ಈ ದೊಡ್ಡ ತೊಟ್ಟಿಗೆ ಸೇರ್ಸಿದೆ. ಗಂಡನ್ನೂ ಅದರ ಜಾಗಕ್ಕೇ ತಂದುಬಿಟ್ಟೆ."

ಮೆಕ್ಕೆಜೋಳ ಕುಟ್ಟುತ್ತಿದ್ದ ಅಬಿತಿಯ ಕೈಯಿಂದ ಒನಕೆ ಜಾರಿ ಬಿತ್ತು.

ಆ ಸಾಲಿನ ಕೊನೆಯ ತೊಟ್ಟಿ ಬೂದಿ ಮೀನಿನ ಬಾಣಂತಿ ತೊಟ್ಟಿ. ಮರಿ ಹೊರಹಾಕಿದ ಬೂದಿ ಹೆಣ್ಣುಗಳು ಸುಧಾರಿಸಿಕೊಳ್ಳಲಿ ಎಂದು ಗಂಡಿನ ಕಾಟವಿಲ್ಲದೆ ಇಟ್ಟದ್ದು. ಒಂಟಿಯಾಗಿದ್ದ ಗಂಡು ದೀಪದ ಮೀನು, ಕಚ್ಚುವ ಚಾಳಿಗೆ ಬೇರೆ ಇಟ್ಟದ್ದು. ಎಂದರೆ ಈಗ ದೊಡ್ಡ ತೊಟ್ಟಿಯಲ್ಲಿರುವ ಬಾಯಿ ತುಂಬಿದ ಹೆಣ್ಣುಗಳಲ್ಲಿ ಅಸಲಿ ಯಾವುದು, ಬೆರಕೆ ಮರಿ ಹೊತ್ತ ಬೂದಿ ಹೆಣ್ಣು ಯಾವುದು? ಎಲ್ಲವೂ ಕಂದು.

ಬೈಯಬೇಕೆಂದರೆ ಬೈಯುವಂತಿಲ್ಲ. ಅವಳು ಮೇಕೆಯ ಕಡೆ ತಿರುಗಿದಳು. "ಮೇಕೆ! ಕಣ್ಣಿದ್ದೂ ಕುರುಡ ಮೇಕೆ! ತಲೇಲಿ ಮೆದುಳಿದೆಯೋ ತೌಡಿದೆಯೋ ನಿಂಗೆ! ಯಾರು ಹೇಳಿದ್ರು ನಿಂಗೆ ಮದ್ವೆ ಮಾಡ್ಸು ಅಂತ!" ಮೇಕೆ ಹೆದರಿ ಹಗ್ಗ ಕಿತ್ತುಕೊಂಡು ಓಡಿತು. ಬೇಲಿಯಾಚೆ ಜಫಾಲಿ ಕೈಯಲ್ಲುಳಿದ ಹಗ್ಗದ ತುಂಡು ಹಿಡಿದು ನಿಂತಿದ್ದ. ತಾನು ಮಾಡಿದ್ದು ಏನು ಎಂದು ಅವನಿಗೆ ಇನ್ನೂ ಅರ್ಥವಾಗಿರಲಿಲ್ಲ, ಏನೋ ದೊಡ್ಡದೇ ಆಗಿಹೋಗಿದೆ ಎಂಬುದು ಮಾತ್ರ ಅರ್ಥವಾಗಿತ್ತು.

ಚೆ ಬ್ವನಾಲಿ ಬಂದು ತೊಟ್ಟಿಯನ್ನು ನೋಡಿ ತಲೆ ಕೆರೆದುಕೊಂಡ. ಸೋಕಬಾರದು ಎಂಬ ಮಾತನ್ನು ದಾಟಿಸದೆ ಉಳಿಸಿಕೊಂಡದ್ದು ನೆನಪಾಗಿ ಒಂದು ಗಳಿಗೆ ಮಂದಾಸಿಯನ್ನೂ ಅಗಿಯಲಿಲ್ಲ. ಆಮೇಲೆ ಹೇಳಿದ. "ನೋಡಮ್ಮ, ದಿನ ಗೊತ್ತಾಗಿದೆ. ಮೂರೂರಿನವರಿಗೆ ಹೇಳಿ ಕಳ್ಸಿದೀವಿ. ಊರಿಗೆಲ್ಲ ಹಾಕೋ ಸದಕಾ ಊಟಕ್ಕೆ ಅಕ್ಕಿ ಬಂದಿದೆ. ಇಷ್ಟರಲ್ಲಿ ಯಾವುದೋ ಎರಡು ಬೂದಿ ಹೆಣ್ಣು ಸೇರ್ಕೊಂಡ್ರೆ ಯಾರಿಗೆ ಗೊತ್ತಾಗುತ್ತೆ?"

"ಆ ವ್ಯಾಪಾರಿನೂ ಹಿಂಗೇ ಅಂದಿದ್ದ."

ಚೆ ಬ್ವನಾಲಿ ತೊಟ್ಟಿಯ ಕಡೆ ಮುಖ ತಿರುಗಿಸಿದ.

"ನಂಗೆ ಗೊತ್ತಾಗುತ್ತೆ ಅಣ್ಣ. ನನ್ನ ಮೊಮ್ಮಗಳು ಆ ನೀರಲ್ಲಿ ಮುಖ ಹಾಕಿ ನೋಡೋ ದಿನ ಬರುತ್ತಲ್ಲ, ಆಗ ಅವಳಿಗೂ ಗೊತ್ತಾಗುತ್ತೆ. ನಮ್ಮಜ್ಜಿ ತಂದು ಬಿಟ್ಟ ದೀಪ ಮಸಿಯಾಗೋಯ್ತು ಅಂತ ಅವಳು ಹೇಳೋ ಹಾಗಾದ್ರೆ ನಾನು ಇಷ್ಟು ವರ್ಷ ಏನ್ ಕಾದ ಹಾಗಾಯ್ತು? ದಿನ ಮುಂದಕ್ಕೆ ಹಾಕು. ಬೈಯೋರು ನನ್ನೇ ಬೈಲಿ."

ಆ ಮಧ್ಯಾಹ್ನ ಅವಳು ತೊಟ್ಟಿಯ ಕಟ್ಟೆಯ ಮೇಲೆ ಬೋಗುಣಿ ಇಟ್ಟುಕೊಂಡು 'ಬಾಯಿ ಬಿಡಿಸುವ' ಕೆಲಸಕ್ಕೆ ಕೂತಳು. ತಾಯಿಮೀನನ್ನು ಒದ್ದೆ ಅಂಗೈಯಲ್ಲಿ ತಲೆಕೆಳಗಾಗಿ ಹಿಡಿದು, ಹೆಬ್ಬೆರಳಿನಿಂದ ಕೆಳದವಡೆಯನ್ನು ಮೆಲ್ಲನೆ ಒತ್ತಿದರೆ ಬಾಯಲ್ಲಿದ್ದದ್ದು ಉದುರುತ್ತದೆ. ಕೆಲವದರಿಂದ ಹಳದಿ ಮೊಟ್ಟೆ ಉದುರಿತು, ಕೆಲವದರಿಂದ ಕಣ್ಣು ಮೂಡಿದ ಮರಿ. ಯಾವುದು ಅಸಲಿ, ಯಾವುದು ಬೆರಕೆ, ಯಾರು ಹೇಳಬೇಕು? ಎಲ್ಲವನ್ನೂ ಬಾತುಕೋಳಿಗಳಿಗೆ ಹಾಕಿದಳು. ಹೊಸ ಬಂಡೆಗೆಂದು ಆಸೆಯಿಂದ ಕಾದ ಮರಿಗಳೂ ಅವುಗಳ ಜೊತೆಯಲ್ಲೇ ಹೋದವು. ಕಣ್ಣಲ್ಲಿ ನೀರು ಬಂದಾಗ ಒರೆಸಿಕೊಳ್ಳಲು ಕೈ ಒದ್ದೆಯಾಗಿತ್ತು, ಹಾಗೇ ಬಿಟ್ಟಳು.

ಬೇಲಿಯಾಚೆಯಿಂದ ಮೆಲ್ಲನೆ ಒಂದು ಮಾತು ಬಂತು. "ಮೇಕೆ... ತಪ್ಪಾಯ್ತು ಅಂತ ಹೇಳು. ಮುಂದೆ ಮಾಡೋ ಕೆಲಸ ಏನಿದ್ರೂ ನನ್ನ ಕೈಲಿ ಮಾಡ್ಸು ಅಂತ ಹೇಳು."

ಮೇಕೆ ಅಲ್ಲಿರಲಿಲ್ಲ, ಬಾಬಾಬ್ ಮರದ ಕೆಳಗೆ ಅಡಗಿತ್ತು. ಅಬಿತಿಗೆ ಅದು ಗೊತ್ತಿತ್ತು, ಅವನಿಗೂ ಗೊತ್ತಿತ್ತು. ಆದರೂ ಅವಳು ಖಾಲಿ ಗೂಟಕ್ಕೆ ಉತ್ತರ ಹೇಳಿದಳು. "ಮೇಕೆ, ಬೆಳಿಗ್ಗೆ ಬೇಗ ಬಾ. ಕಣ್ಣು ತೊಳ್ಕೊಂಡು ಬಾ."

ಬಣ್ಣ ಒಂದೇ ಆದರೂ ಎರಡು ಮೀನಿನ ಊಟದ ರೀತಿ ಬೇರೆ. ಅಬಿತಿ ನಂಬಿದ್ದು ಅದನ್ನೇ. ದೀಪದ ಮೀನು ಕಲ್ಲನ್ನು ಕೆರೆದು ಪಾಚಿ ತಿನ್ನುತ್ತದೆ, ತೌಡು ಹಾಕಿದರೂ ತಳಕ್ಕೆ ಬಿದ್ದದ್ದನ್ನೇ ಹೆಕ್ಕುತ್ತದೆ. ಬೂದಿ ಮೀನು ನೀರಿನಲ್ಲಿ ತೇಲಿ ಬಂದದ್ದನ್ನು ಮೇಲೆದ್ದು ಕಚ್ಚಿಕೊಳ್ಳುತ್ತದೆ. ಬಾಯಿ ಬರಿದಾದ ಹೆಣ್ಣುಗಳಿಗೆ ಹಸಿವು ಮರಳುವುದನ್ನು ಕಾದು, ದೊಡ್ಡ ತೊಟ್ಟಿಗೆ ಪಾಚಿಗಟ್ಟಿದ ಕಲ್ಲುಗಳನ್ನು ಇಳಿಸಿದರು. ನೀರಿನ ನಡುವೆ ತೇಲುವ ಹಾಗೆ ನುಣುಪಾದ ತೌಡನ್ನು ಚಿಟಿಕೆ ಚಿಟಿಕೆ ಹಾಕಿದರು. ತೊಟ್ಟಿಯ ಈಚೆ ಅಬಿತಿ, ಆಚೆ ಜಫಾಲಿ, ನಡುವೆ ಹಗ್ಗಕ್ಕೆ ಇಳಿಬಿಟ್ಟ ಒಂದು ಚಿತೆಂಜೆ. ಮುಖ ಕಾಣುವಂತಿಲ್ಲ, ನೀರು ಕಂಡರೆ ಸಾಕು.

"ಮೇಕೆ, ಮೂಲೇಲಿದ್ದದ್ದು ಮೇಲೆ ಬಂದು ತಿಂತು."

"ಮೇಕೆ, ನಾನೂ ನೋಡ್ದೆ. ಹಿಡಿ ಅನ್ನು."

ಜಫಾಲಿ ಹಿಡಿದು ಬಲಸಾಲಿಗೆ ಒಯ್ಯುತ್ತಿದ್ದ. ಬರುವಾಗ ಕೈ ತೊಳೆದು, ಬಲೆ ಬದಲಾಯಿಸಿಕೊಂಡೇ ಬರುತ್ತಿದ್ದ. ಅದನ್ನು ಅಬಿತಿ ಚಿತೆಂಜೆಯ ಅಂಚಿನಿಂದ ಕದ್ದು ನೋಡಿದಳು. ದಿನ ಕಳೆದಂತೆ ಮೇಲೇಳುವ ಮೀನುಗಳು ಕಡಿಮೆಯಾದವು. ಕೊನೆಗೆ ತೌಡು ಹಾಕಿದರೆ ಅದು ತೇಲಿ ತೇಲಿ ತಳ ಸೇರುವವರೆಗೂ ಕದಲಿಸುವವರಿರಲಿಲ್ಲ. ಕಲ್ಲು ಕೆರೆಯುವ ಬಾಯಿಗಳು ಮಾತ್ರ ಉಳಿದವು.

ಒಂದನ್ನು ಬಿಟ್ಟು. ಬಾಲ ಹರಿದ ಒಂದು ಹೆಣ್ಣು ಸದಾ ಕಲ್ಲಿನ ಹಿಂದೆ ಅಡಗಿರುತ್ತಿತ್ತು. ಹೊರಗೆ ಬಂದರೆ ಉಳಿದವು ಅಟ್ಟಿಸಿಕೊಂಡು ಬರುತ್ತಿದ್ದವು. ಅದು ಕಲ್ಲಿಗೆ ಬಾಯಿ ಹಚ್ಚಿದ್ದನ್ನು ಅಬಿತಿ ಒಮ್ಮೆ ನೋಡಿದ್ದಳು, ದೀಪದ ಮೀನೇ ಎಂದು ತೀರ್ಪು ಕೊಟ್ಟಿದ್ದಳು.

"ಮೇಕೆ," ಎಂದ ಜಫಾಲಿ, ಅನುಮಾನಿಸುತ್ತ, "ಆ ಬಾಲಹರುಕಿ ಕಲ್ಲು ಕೆರೆದಿದ್ದು ನಂಗೆ ಕಾಣ್ಲಿಲ್ಲ. ತೌಡು ಬಿದ್ದಾಗೆಲ್ಲ ಅದರ ಕಣ್ಣು ಮೇಲಕ್ಕೇ ಹೋಗುತ್ತೆ. ಉಳಿದವು ಬಿಟ್ರೆ ಅದು ಮೇಲೇಳುತ್ತೇನೋ ಅನ್ಸುತ್ತೆ."

ಅಬಿತಿಗೆ ರೇಗಿತು. "ಮೇಕೆ, ನಾನು ಮೀನು ನೋಡೋಕೆ ಶುರು ಮಾಡ್ದಾಗ ಕೆಲವರು ಇನ್ನೂ ಹುಟ್ಟಿರ್ಲಿಲ್ಲ ಅಂತ ಹೇಳು."

ಮೇಕೆ ಹೇಳಿತೋ ಇಲ್ಲವೋ, ಚಿತೆಂಜೆಯಾಚೆ ಜಫಾಲಿ ಬಲೆಯನ್ನು ಕೆಳಗಿಟ್ಟ.

ಮತ್ತೆ ಗೊತ್ತು ಮಾಡಿದ ದಿನ ಬೆಳಿಗ್ಗೆ ಸರೋವರ ಅಲೆಯಿಲ್ಲದೆ ಮಲಗಿತ್ತು. ದಡದ ತುಂಬ ಜನ. ಹಂಡೆಗಳಲ್ಲಿ ಅನ್ನ ಬೇಯುತ್ತಿತ್ತು, ತೊಬ್ವ ಗಂಜಿಯ ಮಡಕೆಗಳು ಸಾಲಾಗಿ ಕೂತಿದ್ದವು. ದಿನ ಮುಂದಕ್ಕೆ ಹೋದದ್ದಕ್ಕೆ ಗೊಣಗಿದವರೆಲ್ಲ ಎಲ್ಲರಿಗಿಂತ ಮುಂದೆ ಬಂದು ನಿಂತಿದ್ದರು. ಬಾಣಂತಿ ಅಸಿಯಾತು ಮಗುವನ್ನು ಬೆನ್ನಿಗೆ ಕಟ್ಟಿಕೊಂಡು ಹೆಂಗಸರ ನಡುವೆ ನಿಂತಿದ್ದಳು. ದೊಡ್ಡ ದೋಣಿಯ ಮೂತಿಯಲ್ಲಿ ಅಬಿತಿ, ಹೊಸ ಚಿತೆಂಜೆ ಉಟ್ಟು, ದಡದ ಕಡೆ ಮುಖ ಮಾಡಿ ಕೂತಳು. ನಡುವೆ ಅಗಲವಾದ ಬೋಗುಣಿಯಲ್ಲಿ ಹೆಣ್ಣುಗಳೂ ಕೆಲವು ಗಂಡುಗಳೂ, ಅದರ ಪಕ್ಕ ಅತ್ತೆ ಅಳಿಯನ ನಡುವಿನ ಗೋಡೆಯಾಗಿ ಚೆ ಬ್ವನಾಲಿ, ಹಿಂದೆ ನಿಂತು ಹುಟ್ಟು ಹಾಕುವವನು ಜಫಾಲಿ.

ದಡದಿಂದ ಹೆಂಗಸರು ಅವಳ ಹೆಸರು ಹಿಡಿದು ಹಾಡುತ್ತಿದ್ದರು. ಅಬಿತಿಯ ಎದೆ ತುಂಬಿ ಬಂದಿತ್ತು. ಇದ್ರಿಸಾ ಇದ್ದಿದ್ದರೆ ಎಂದು ಒಮ್ಮೆ ಅನ್ನಿಸಿತು. ಇಲ್ಲದಿದ್ದರೇನು, ಅವನು ತಂದದ್ದನ್ನು ನಾನು ಉಳಿಸಿದ್ದೇನೆ ಎಂದುಕೊಂಡು ಕತ್ತು ಇನ್ನೂ ನೆಟ್ಟಗೆ ಮಾಡಿದಳು. ಅವಳು ನೋಡುತ್ತಿದ್ದದ್ದು ದಡವನ್ನು, ಬೋಗುಣಿಯನ್ನಲ್ಲ.

ಬೋಗುಣಿಯ ಮೇಲೆ ಚೆ ಬ್ವನಾಲಿ ಮಂದಾಸಿ ತಿನ್ನುತ್ತಿದ್ದ. ಹಿಟ್ಟಿನ ಚೂರು ನೀರಿಗೆ ಉದುರಿತು. ದೋಣಿಯ ಕುಲುಕಾಟಕ್ಕೆ ಹೆದರಿದ ಮೀನುಗಳು ತಳಕ್ಕೆ ಅಂಟಿಕೊಂಡಿದ್ದವು, ಯಾವುದಕ್ಕೂ ಯಾವುದನ್ನೂ ಅಟ್ಟುವ ಧೈರ್ಯವಿರಲಿಲ್ಲ. ಬಾಲಹರುಕಿಗೆ ಅಷ್ಟೇ ಬೇಕಿತ್ತು. ಅದು ಮೆಲ್ಲನೆ ಮೇಲೆದ್ದಿತು, ತೇಲುತ್ತಿದ್ದ ಚೂರನ್ನು ಕಚ್ಚಿಕೊಂಡಿತು. ಇನ್ನೊಂದಕ್ಕೆ ತಿರುಗಿತು.

ಜಫಾಲಿ ಹುಟ್ಟು ಹಾಕುವುದನ್ನು ನಿಲ್ಲಿಸಿದ. ಅಷ್ಟರಲ್ಲಿ ದೋಣಿ ಹೊಸ ಬಂಡೆಯ ಮೇಲೆ ಬಂದಿತ್ತು. ಚೆ ಬ್ವನಾಲಿ ಉಳಿದ ಮಂದಾಸಿಯನ್ನು ಜೇಬಿಗೆ ಹಾಕಿ, ಅಂಗೈ ಎತ್ತಿ, ಕಣ್ಣು ಮುಚ್ಚಿ ದುವಾ ಶುರುಮಾಡಿದ. ಪ್ರಾರ್ಥನೆಯಲ್ಲಿರುವ ಹಿರಿಯನನ್ನು ತಟ್ಟಿ ಮಾತು ದಾಟಿಸು ಎನ್ನುವುದು ಹೇಗೆ? ಅಸಿಯಾತು ದಡದಲ್ಲಿ. ಮೇಕೆ ಮನೆಯಲ್ಲಿ. ಅಬಿತಿ ತಿರುಗಿ, ತುಟಿಯಲ್ಲಿ ದುವಾ ಹೇಳುತ್ತಲೇ ಬೋಗುಣಿಯ ಎರಡೂ ಅಂಚು ಹಿಡಿದು ದೋಣಿಯ ಅಂಚಿಗೆ ಎತ್ತಿಟ್ಟಳು. ಬೋಗುಣಿ ವಾಲಿತು.

"ಅತ್ತೇ! ನಿಲ್ಸಿ! ಸುರೀಬೇಡಿ!"

ಆ ಕೂಗು ನೀರಿನ ಮೇಲೆ ಹಾಸಿಕೊಂಡು ದಡ ಮುಟ್ಟಿತು. ಹಾಡು ನಿಂತಿತು. ಹೆಂಗಸರು ಬಾಯಿಯ ಮೇಲೆ ಕೈ ಇಟ್ಟುಕೊಂಡರು. ಕೋಳಿ ಕೊಡದ ಅಳಿಯ, ಮೂರೂರಿನವರ ಎದುರಿಗೆ, ಅತ್ತೆಯ ಮುಖ ನೋಡಿ, ಅದೂ ಗದರುವ ದನಿಯಲ್ಲಿ! ಚೆ ಬ್ವನಾಲಿ ದುವಾದ ನಡುವೆಯೇ ಕಣ್ಣು ಬಿಟ್ಟ. ಜಫಾಲಿ ನಾಲಿಗೆ ಕಚ್ಚಿಕೊಂಡ. ಆದರೆ ಅವನು ಕಣ್ಣು ತಗ್ಗಿಸಲಿಲ್ಲ.

ಅಬಿತಿ ಬೋಗುಣಿಯನ್ನು ವಾಲಿಸಿದ್ದಲ್ಲೇ ಹಿಡಿದು ನಿಂತಳು. ಮಗಳನ್ನು ಕೊಟ್ಟ ಮೇಲೆ ಮೊದಲ ಬಾರಿಗೆ ಅಳಿಯನ ಮುಖವನ್ನು ಸರಿಯಾಗಿ ನೋಡಿದಳು. ಅಗಲ ಹಣೆ, ಬೆವರು, ಹೆದರಿಕೆ. ತೊಟ್ಟಿಯ ಕಡೆ ನೋಡುವಾಗ ತನ್ನ ಮುಖವೂ ಹೀಗೇ ಇರುತ್ತಿತ್ತೇನೋ ಎಂದು ಅವಳಿಗೆ ಅನ್ನಿಸಿತು.

"ಯಾವುದು?" ಎಂದು ಕೇಳಿದಳು. ಯಾರ ಮೂಲಕವೂ ಅಲ್ಲ, ನೇರವಾಗಿ ಅವನನ್ನೇ.

"ಬಾಲಹರುಕಿ, ಅತ್ತೆ. ಮೇಲೆದ್ದು ತಿಂತಿದೆ. ನೋಡಿ."

ಅವಳು ಬೋಗುಣಿಯನ್ನು ಒಳಕ್ಕೆ ಇಳಿಸಿ ಬಗ್ಗಿದಳು. ಬಾಲಹರುಕಿಗೆ ಈ ಗಲಾಟೆಯ ಪರಿವೆಯೇ ಇರಲಿಲ್ಲ. ಎಷ್ಟೋ ದಿನದ ಹಸಿವು, ಮೂರನೆಯ ಚೂರಿಗೆ ಬಾಯಿ ಹಾಕುತ್ತಿತ್ತು. ಅಬಿತಿ ಕೈ ಹಾಕಿ ಅದನ್ನು ಹಿಡಿದೆತ್ತಿದಳು, ನೀರು ತುಂಬಿದ ಡಬ್ಬಿಗೆ ಹಾಕಿ ಮುಚ್ಚಿದಳು. ಆಮೇಲೆ ಎದ್ದು ನಿಂತು, ದಡದವರಿಗೂ ಕೇಳಲಿ ಎಂದು ಕೊರಳೆತ್ತಿ ಹೇಳಿದಳು. "ನಾನು ಹೇಳಿದ್ದು ತಪ್ಪು! ನನ್ನ ಅಳಿಯ ಹೇಳಿದ್ದು ಸರಿ! ಅವತ್ತೇ ಹೇಳಿದ್ದ, ನಾನೇ ಕೇಳ್ಲಿಲ್ಲ!"

ತಪ್ಪು ಎಂಬ ಮಾತು ಅಬಿತಿ ತ್ವಾಯಿಬುವಿನ ಬಾಯಿಂದ ಬಂದದ್ದನ್ನು ಚಿವಾಲೊ ಕೇಳಿದ್ದು ಅದೇ ಮೊದಲು. ಆದರೆ ಅದನ್ನು ಹೇಳುವಾಗ ಅವಳ ಕತ್ತು ಒಂಚೂರೂ ತಗ್ಗಿರಲಿಲ್ಲ.

"ಬಾ ಜಫಾಲಿ, ಈಚೆ ಬಾ. ಆ ಕಡೆ ಅಂಚು ಹಿಡ್ಕೊ" ಎಂದಳು. "ಕೈ ನಡುಗ್ಸಬೇಡ. ಮೆಲ್ಲಗೆ. ಮೀನಿಗೆ ಹೊಸ ಮನೆ ಇದು, ನೂಕಿ ಕಳಿಸ್ಬಾರ್ದು."

ಇಬ್ಬರೂ ಸೇರಿ ಬೋಗುಣಿಯನ್ನು ನೀರಿಗೆ ತಾಗಿಸಿ ವಾಲಿಸಿದರು. ಮೊದಲು ಹೆಣ್ಣುಗಳು ಇಳಿದವು, ಅವುಗಳ ಹಿಂದೆ ಗಂಡುಗಳು. ತಿಳಿನೀರಿನಲ್ಲಿ ಕಿತ್ತಳೆ ಬಣ್ಣದ ರೆಕ್ಕೆಗಳು ಕೆಳಗೆ ಕೆಳಗೆ ಹೋಗಿ, ಊರವರು ಕೈಯಿಂದ ಕೈಗೆ ದಾಟಿಸಿದ ಕಲ್ಲುಗಳ ಸಂದಿಯಲ್ಲಿ ಒಂದೊಂದಾಗಿ ಹೊತ್ತಿಕೊಂಡವು. ಒಂದು ಹೆಣ್ಣು ಆಗಲೇ ಒಂದು ಕಲ್ಲನ್ನು ಕೆರೆಯಲು ಶುರುಮಾಡಿತ್ತು. ದಡದಲ್ಲಿ ಕೇಕೆ ಎದ್ದಿತು. ಅಬಿತಿಗೆ ಈ ಸಲವೂ ಕಣ್ಣಲ್ಲಿ ನೀರು ಬಂತು, ಈ ಸಲವೂ ಕೈ ಒದ್ದೆಯಾಗಿತ್ತು.

"ಅದೆಲ್ಲ ಸರಿ," ಎಂದ ಚೆ ಬ್ವನಾಲಿ, ದುವಾ ಮುಗಿಸಿ, ಜೇಬಿನಿಂದ ಮಂದಾಸಿ ತೆಗೆಯುತ್ತ. "ಆದ್ರೆ ಕೋಳಿ? ಕೋಳಿ ಕೊಡದೆ ಅತ್ತೆ ಹತ್ರ ಬಾಯಿ ಬಿಟ್ಟಿದಾನೆ. ಯಜಮಾನ ಅಂತ ನಾನು ಕೇಳ್ಲೇಬೇಕು."

"ಕೋಳಿ ನಾನು ಕೊಡ್ತೀನಿ ಅಣ್ಣ, ಇವನಿಗೆ. ತಿನ್ನೋಕೆ ನಿನ್ನೂ ಕರೀತೀನಿ, ಹೊಟ್ಟೆ ಉರ್ಕೋಬೇಡ."

"ಅತ್ತೆ ಅಳಿಯನಿಗೆ ಕೋಳಿ ಕೊಡೋದಾ? ಎಲ್ಲಾದ್ರೂ ಉಂಟಾ?"

"ಚಿವಾಲೊದಲ್ಲಿ ಉಂಟು. ಇವತ್ತಿಂದ."

ಊಟ ಮುಗಿಯುವವರೆಗೂ ಅವಳು ಬಂದ ನೆಂಟರ ನಡುವೆ ಜಫಾಲಿಯನ್ನು ಕೈಹಿಡಿದು ಕರೆದುಕೊಂಡು ತಿರುಗಿದಳು. ಮೀನು ಸಾಕುವವರು ಯಾರು ಎಂದು ಯಾರೋ ಕೇಳಿದರೆ, "ನಾನಲ್ಲಪ್ಪ, ಇವನು. ಇವನ ಕಣ್ಣಿನ ಮುಂದೆ ನಂದೇನೂ ಅಲ್ಲ" ಎಂದಳು. ಮೊದಲು ತನ್ನ ಬಗ್ಗೆ ಹೇಳಿಕೊಳ್ಳುತ್ತಿದ್ದ ಅದೇ ಜಂಬದಿಂದ, ಬಹುಶಃ ಅದಕ್ಕಿಂತ ಒಂದು ಗುಲಗಂಜಿ ಹೆಚ್ಚಾಗಿಯೇ ಹೇಳಿದಳು. ಜಫಾಲಿ ನಾಚಿ ನೆಲ ನೋಡುತ್ತಿದ್ದ. ಊಟದ ಎಲ್ಲ ಗಡಿಬಿಡಿಯಲ್ಲೂ ಡಬ್ಬಿಯಲ್ಲಿದ್ದ ಬಾಲಹರುಕಿಯನ್ನು ಕೈಯಿಂದ ಕೆಳಗಿಡಲಿಲ್ಲ.

ಮನೆಗೆ ಬಂದ ಕೂಡಲೇ ಅವನು ಅದನ್ನು ಬಲಸಾಲಿನ ತೊಟ್ಟಿಗೆ ಬಿಟ್ಟ, ಕೈ ತೊಳೆದುಕೊಂಡ. ಅಬಿತಿ ಅಂಗಳದಲ್ಲಿ ಕೂತು ಅದನ್ನು ನೋಡಿದಳು. ಚಿತೆಂಜೆಯ ಪರದೆ ಹಗ್ಗದ ಮೇಲೆ ಇನ್ನೂ ತೂಗುತ್ತಿತ್ತು. ಅದನ್ನು ಎಳೆದು ತೆಗೆದು, ಮಡಚಿ, ಮೊಮ್ಮಗಳಿಗೆ ಹೊದಿಸಿದಳು.

ಬೇಲಿಯ ಹತ್ತಿರ ಕಿವಿಹರುಕ ಮೇಕೆ ಇಬ್ಬರ ಮುಖವನ್ನೂ ಒಂದಾದ ಮೇಲೊಂದು ನೋಡುತ್ತ, ತನ್ನ ಸರದಿಗಾಗಿ ಕಾಯುತ್ತಿತ್ತು.

"ಹೋಗೇ," ಎಂದಳು ಅಬಿತಿ ಅದಕ್ಕೆ. "ಮೇಯ್ಕೋ ಹೋಗು. ಇನ್ಮೇಲೆ ಈ ಮನೇಲಿ ನಿಂಗೆ ಆ ಕೆಲಸ ಇಲ್ಲ."